ಬೆಂಬಲ ನಿಂತ ಸಿಸ್ಟಮ್‌ನಲ್ಲಿ ಇಂಟರ್ನೆಟ್ ಕರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ವಿಂಡೋಸ್ ಅಥವಾ ಹಳೆಯ ಮ್ಯಾಕ್ ಬಳಸುವವರು, ಕರೆ ಆಪ್ ತಯಾರಿಸುವವರು ಲೆಕ್ಕಕ್ಕೇ ಇಟ್ಟುಕೊಳ್ಳದ ಲಿನಕ್ಸ್, ಬಿಎಸ್‌ಡಿಯಂಥ ಮುಕ್ತ ಸಿಸ್ಟಮ್ ಬಳಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಓದುವ ಮುಂಚೆ ಒಂದು ಮಾತು. ಕರೆ ಸರಿಯಾಗಿ ನಡೆಯಬೇಕಾದರೆ ನಾಲ್ಕು ಕೆಲಸ ಕೂಡಿಬರಬೇಕು: ಪ್ರೋಗ್ರಾಂ ಓಡಬೇಕು, ಸರ್ವರ್ ಒಳಗೆ ಬಿಟ್ಟುಕೊಳ್ಳಬೇಕು, ಮೈಕ್ ಮತ್ತು ಸ್ಪೀಕರ್ ಸಿಗಬೇಕು, ಧ್ವನಿಯ ಪ್ಯಾಕೆಟ್‌ಗಳು ಎರಡೂ ದಿಕ್ಕಿಗೆ ಹರಿಯಬೇಕು. ಈ ನಾಲ್ಕರಲ್ಲಿ ಯಾವುದು ಮುರಿದಿದೆ ಎಂದು ತಿಳಿಯದೆ ರಿಪೇರಿಗೆ ಕೈಹಾಕಿದರೆ ದಿನಗಟ್ಟಲೆ ವ್ಯರ್ಥವಾಗುತ್ತದೆ.

## ಮೊದಲು ತಿಳಿದಿರಬೇಕಾದದ್ದು

ನಿನ್ನೆ ತನಕ ಚೆನ್ನಾಗಿ ನಡೀತಿದ್ದ ಆಪ್ ಇವತ್ತು ಯಾಕೆ ನಿಂತುಹೋಯ್ತು? ನಾನು ಏನೂ ಮುಟ್ಟಿಲ್ಲ.

ನೀವು ಮುಟ್ಟಿಲ್ಲ, ಸರ್ವರ್ ಕಡೆಯವರು ಮುಟ್ಟಿದ್ದಾರೆ. ಟೆಕ್ಸ್ಟ್ ಎಡಿಟರ್‌ನಂಥ ಪ್ರೋಗ್ರಾಂ ತನ್ನಷ್ಟಕ್ಕೆ ಇಪ್ಪತ್ತು ವರ್ಷ ಓಡಬಹುದು. ಕರೆ ಮಾಡುವ ತಂತ್ರಾಂಶ ಹಾಗಲ್ಲ, ಅದರ ಅರ್ಧ ಜೀವ ಬೇರೆಯವರ ಸರ್ವರ್‌ನಲ್ಲಿದೆ. ಅಲ್ಲಿ ಕನಿಷ್ಠ ಆವೃತ್ತಿಯ ಮಿತಿ ಏರಿಸಿದರೆ, ಹಳೆಯ ಗೂಢಲಿಪಿ ವಿಧಾನ ಕೈಬಿಟ್ಟರೆ, ಸರ್ವರ್ ಅಸಲಿ ಎಂದು ತೋರಿಸುವ ಪ್ರಮಾಣಪತ್ರ ಬದಲಿಸಿದರೆ, ನಿಮ್ಮ ಆಪ್ ಹಾಗೇ ಇದ್ದರೂ ಹೊರಗುಳಿಯುತ್ತದೆ. ಕೆಲವು ಆಪ್‌ಗಳು ತಮ್ಮೊಳಗೇ ಗಡುವು ಇಟ್ಟುಕೊಂಡಿರುತ್ತವೆ. ಸಿಗ್ನಲ್ ಎಂಬ ಕರೆ ಆಪ್‌ನ ಪ್ರತಿ ಆವೃತ್ತಿಗೂ ಸುಮಾರು 90 ದಿನದ ಆಯುಷ್ಯ. ಅದು ಮುಗಿದ ಮೇಲೆ ಹೊಸದನ್ನು ಹಾಕಿಕೊಳ್ಳದೆ ಬೇರೆ ದಾರಿಯಿಲ್ಲ.

ನನ್ನ ಸಿಸ್ಟಮ್‌ಗೆ ಬೆಂಬಲ ಇದೆಯೋ ಇಲ್ಲವೋ ಹೇಗೆ ತಿಳಿಯೋದು?

ಎರಡು ಬೆಂಬಲಗಳನ್ನು ಬೇರೆ ಬೇರೆಯಾಗಿ ನೋಡಿ. ಒಂದು, ಆಪರೇಟಿಂಗ್ ಸಿಸ್ಟಮ್ ತಯಾರಕರದ್ದು. ವಿಂಡೋಸ್ ಎಕ್ಸ್‌ಪಿಗೆ ಅದು 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, 8.1ಕ್ಕೆ 2023ರ ಜನವರಿ 10ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಇನ್ನೊಂದು, ಆಪ್ ಕಟ್ಟಿದ ಬುನಾದಿಯ ಬೆಂಬಲ. ಕರೆಯ ವಿಷಯದಲ್ಲಿ ಇದೇ ಹೆಚ್ಚು ಮುಖ್ಯ. ಬಹುತೇಕ ಡೆಸ್ಕ್‌ಟಾಪ್ ಕರೆ ಆಪ್‌ಗಳು ಎಲೆಕ್ಟ್ರಾನ್ ಅಥವಾ ಕ್ಯೂಟಿ ಮೇಲೆ ನಿಂತಿವೆ. ಎಲೆಕ್ಟ್ರಾನ್ 22 ವಿಂಡೋಸ್ 7, 8, 8.1ರಲ್ಲಿ ಓಡುವ ಕೊನೆಯದು. ಕ್ಯೂಟಿ 6ಕ್ಕೆ ವಿಂಡೋಸ್ 10 ಬೇಕು, 5.15 ಹಳೆಯದರಲ್ಲೂ ನಡೆಯುತ್ತದೆ. ಆಪ್ ತಯಾರಕರು ಏನೇ ಹೇಳಲಿ, ಬುನಾದಿ ಏರಿದ ದಿನ ನಿಮ್ಮ ಸಿಸ್ಟಮ್ ಹೊರಬಿದ್ದಂತೆಯೇ.

ಏನೂ ಇನ್‌ಸ್ಟಾಲ್ ಮಾಡದೆ ಬ್ರೌಸರ್‌ನಲ್ಲೇ ಮಾತಾಡಬಹುದಾ?

ಆಗುತ್ತದೆ, ಮೊದಲು ನೋಡಬೇಕಾದ ದಾರಿಯೂ ಅದೇ. ಬ್ರೌಸರ್‌ನಲ್ಲಿ ಕರೆ ನಡೆಸುವ ತಂತ್ರಕ್ಕೆ ವೆಬ್‌ಆರ್‌ಟಿಸಿ ಎನ್ನುತ್ತಾರೆ. 2011ರಲ್ಲಿ ಗೂಗಲ್ ಇದರ ಕೋಡ್ ತೆರೆದಿಟ್ಟಿತು, 2021ರ ಜನವರಿಯಲ್ಲಿ ಅದು ಅಧಿಕೃತ ವೆಬ್ ಮಾನದಂಡವಾಯಿತು. ಆದ್ದರಿಂದ ಕರೆ ಆಪ್‌ಗಿಂತ ಬ್ರೌಸರ್ ಎಷ್ಟು ಹೊಸದು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ವಿಂಡೋಸ್ 7, 8, 8.1ಕ್ಕೆ ಕ್ರೋಮ್ 109 ಕೊನೆಯದು, ಫೈರ್‌ಫಾಕ್ಸ್‌ನಲ್ಲಿ 115 ಇಎಸ್‌ಆರ್ (ದೀರ್ಘ ಕಾಲ ಬೆಂಬಲ ಸಿಗುವ) ಸರಣಿ ಕೊನೆಯದು. ಮ್ಯಾಕ್ 10.12ರಿಂದ 10.14ರವರೆಗೂ ಅದೇ 115 ಇಎಸ್‌ಆರ್. ಎರಡರಲ್ಲಿ ಫೈರ್‌ಫಾಕ್ಸ್ ಹಾಕಿಕೊಳ್ಳಿ: ಕ್ರೋಮ್ 109 ನಿಂತ ಮೇಲೂ ಈ ಸರಣಿಗೆ ಬಹಳ ಕಾಲ ಭದ್ರತಾ ತಿದ್ದುಪಡಿಗಳು ಬಂದವು. ಆವೃತ್ತಿ 115.13 ಅಥವಾ ಅದರ ನಂತರದ್ದೇ ಇರಲಿ. ಅದಕ್ಕಿಂತ ಹಿಂದಿನವುಗಳೊಳಗಿನ ಒಂದು ಮೂಲ ಪ್ರಮಾಣಪತ್ರದ (ಉಳಿದ ಪ್ರಮಾಣಪತ್ರಗಳನ್ನು ನಂಬಲು ಆಧಾರವಾದದ್ದು) ಅವಧಿ 2025ರ ಮಾರ್ಚ್ 14ಕ್ಕೆ ಮುಗಿದು, ಆಡ್‌-ಆನ್‌ಗಳು ಕೈಕೊಡುತ್ತವೆ. ಎಕ್ಸ್‌ಪಿ ಮತ್ತು ವಿಸ್ಟಾಗೆ ಕ್ರೋಮ್ 49, ಫೈರ್‌ಫಾಕ್ಸ್ 52 ಇಎಸ್‌ಆರ್‌ಗೇ ದಾರಿ ಮುಗಿಯಿತು. ಇವುಗಳಲ್ಲಿ ಇಂದಿನ ಕರೆ ಪುಟಗಳು ತೆರೆದರೂ ಮಾತು ಸೇರುವುದಿಲ್ಲ.

ಪುಟದ ವಿಳಾಸ ಎಚ್‌ಟಿಟಿಪಿಎಸ್ ಆಗಿರಲೇಬೇಕು. ಇಲ್ಲದಿದ್ದರೆ ಬ್ರೌಸರ್ ಮೈಕ್ ಕೊಡುವುದಿಲ್ಲ, ಅನುಮತಿ ಕೇಳುವ ಪೆಟ್ಟಿಗೆ ಕೂಡ ಬರುವುದಿಲ್ಲ.

ಹಳೇ ಸ್ಕೈಪ್ ಸೆಟಪ್ ಫೈಲ್ ಜೋಪಾನವಾಗಿ ಇಟ್ಕೊಂಡಿದ್ದೀನಿ. ಅದು ನಡೆಯುತ್ತಾ?

ಇಲ್ಲ. ಸ್ಕೈಪ್ ಸೇವೆಯೇ 2025ರ ಮೇ 5ಕ್ಕೆ ಮುಚ್ಚಿತು. ಸೆಟಪ್ ಓಡಿ, ಪರಿಚಿತ ನೀಲಿ ಕಿಟಕಿ ತೆರೆದುಕೊಂಡರೂ ಲಾಗಿನ್ ಆಗಲು ಅತ್ತ ಸರ್ವರ್ ಇಲ್ಲ.

ಇದೆಲ್ಲ ಅಪಾಯ ಅಲ್ವಾ? ಬರೀ ಮಾತಾಡೋಕೆ ತಾನೇ.

ಬರೀ ಮಾತಾಡುವುದೇ ಅಪಾಯದ ಜಾಗ. ಕರೆ ತಂತ್ರಾಂಶ ಅಪರಿಚಿತರಿಂದ ಬರುವ ಪ್ಯಾಕೆಟ್‌ಗಳನ್ನು, ನೀವು ಕರೆ ಎತ್ತುವ ಮುಂಚೆಯೇ, ಬಿಚ್ಚಿ ಓದುತ್ತದೆ. 2019ರ ಮೇ ತಿಂಗಳಲ್ಲಿ ವಾಟ್ಸ್‌ಆ್ಯಪ್‌ನ ಕರೆ ಭಾಗದಲ್ಲಿ ಸಿಕ್ಕ ದೋಷ ಇಂಥದ್ದೇ: ಕರೆ ಬಂದರೆ ಸಾಕು, ಎತ್ತದಿದ್ದರೂ ಫೋನಿನೊಳಗೆ ಗೂಢಚಾರ ತಂತ್ರಾಂಶ ನುಗ್ಗಿಸಬಹುದಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಬ್ರೌಸರ್‌ಗಳು ಬಳಸುವ ವಿಡಿಯೊ ಲೈಬ್ರರಿ ಲಿಬ್‌ವಿಪಿಎಕ್ಸ್‌ನಲ್ಲೂ ಗಂಭೀರ ಬಿರುಕು ಕಂಡಿತು. ಹೊಸ ಸಿಸ್ಟಮ್‌ಗಳಿಗೆ ತಿದ್ದುಪಡಿ ದಿನಗಳಲ್ಲೇ ಬರುತ್ತದೆ. ಕೈಬಿಟ್ಟ ಸಿಸ್ಟಮ್‌ಗೆ ಬರುವುದು ಅಪರೂಪ.

ಹಾಗಾಗಿ ಹಳೆಯ ಸಿಸ್ಟಮ್‌ನಲ್ಲಿ ಕರೆಗೆ ಬೇರೆಯದೇ ಬಳಕೆದಾರ ಖಾತೆ ತೆರೆಯಿರಿ, ಅದಕ್ಕೆ ಅಡ್ಮಿನ್ ಅಧಿಕಾರ ಕೊಡಬೇಡಿ. ಅದೇ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಅಪರಿಚಿತರ ಕರೆಗೆ ತಡೆ ಹಾಕಿ. ಕರೆ ತುದಿಯಿಂದ ತುದಿಗೆ ಗೂಢಲಿಪಿಯಲ್ಲಿ ಹೋಗುತ್ತದೆ ಎಂಬ ಭರವಸೆ ಇಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ. ತುದಿಯೇ ಸೋರುತ್ತಿದ್ದರೆ ನಡುವಿನ ಬೀಗದಿಂದ ಏನು ಬಂತು?

## ಇನ್‌ಸ್ಟಾಲ್ ಮತ್ತು ಲಾಗಿನ್

ತೆರೆದ ಕೂಡಲೇ ಯಾವುದೋ ಡಿಎಲ್‌ಎಲ್ ಇಲ್ಲ ಅಂತ ಬರುತ್ತೆ. ನೆಟ್‌ನಿಂದ ಇಳಿಸಿ ಹಾಕಲಾ?

ಬೇಡ. ಡಿಎಲ್‌ಎಲ್ ಎಂದರೆ ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಫೈಲ್. ಅದನ್ನು ಬಿಡಿ ಬಿಡಿಯಾಗಿ ಹಂಚುವ ತಾಣಗಳಿಂದ ಫೈಲ್ ತಂದು ಸಿಸ್ಟಮ್ ಫೋಲ್ಡರ್‌ಗೆ ಹಾಕುವುದು ಮನೆ ಬೀಗದ ಕೈಯನ್ನು ಬೀದಿಯಲ್ಲಿ ಇಟ್ಟ ಹಾಗೆ. ಸಂದೇಶವನ್ನು ಅಕ್ಷರ ಅಕ್ಷರ ಓದಿ, ಏನು ಮಾಡಬೇಕೆಂದು ಅದೇ ಹೇಳುತ್ತದೆ.

ಕಾಣೆಯಾದ ಹೆಸರು ‘ಎಪಿಐ-ಎಂಎಸ್-ವಿನ್-ಸಿಆರ್‌ಟಿ’ ಎಂದು ಶುರುವಾದರೆ ವಾಸಿಯಾಗುವ ರೋಗ. ವಿಂಡೋಸ್ 7 ಸರ್ವೀಸ್ ಪ್ಯಾಕ್ 1 ಇದ್ದು, ಮೈಕ್ರೋಸಾಫ್ಟ್‌ನ ಕೆಬಿ 2999226 ಅಪ್‌ಡೇಟ್ ಹಾಕಿದರೆ ಸಾಕು. ಹೆಸರು ‘ಎಂಎಫ್‌ಪ್ಲಾಟ್’ ಆದರೆ ನಿಮ್ಮದು ಮೀಡಿಯಾ ಭಾಗ ತೆಗೆದ ಎನ್ ಆವೃತ್ತಿ ಇರಬಹುದು. ಅದಕ್ಕೆ ಮೀಡಿಯಾ ಫೀಚರ್ ಪ್ಯಾಕ್ ಬೇಕು.

‘ಕರ್ನೆಲ್32ರಲ್ಲಿ ಪ್ರೊಸೀಜರ್ ಎಂಟ್ರಿ ಪಾಯಿಂಟ್ ಸಿಗಲಿಲ್ಲ’ ಎಂದು ಬಂದು, ಅದರ ಜೊತೆ ‘ಗೆಟ್‌ಸಿಸ್ಟಮ್‌ಟೈಮ್‌ಪ್ರಿಸೈಸ್‌ಆಸ್‌ಫೈಲ್‌ಟೈಮ್’ ಎಂಬ ಉದ್ದ ಹೆಸರು ಇದ್ದರೆ ಅಲ್ಲಿಗೆ ನಿಲ್ಲಿಸಿ. ಆ ಕ್ರಿಯೆ ವಿಂಡೋಸ್ 8ರಲ್ಲಿ ಬಂದದ್ದು, 7ರ ಕರ್ನೆಲ್‌ನಲ್ಲಿ ಇಲ್ಲವೇ ಇಲ್ಲ. ಆಪ್‌ನ ಹಿಂದಿನ ಆವೃತ್ತಿಗೆ ಇಳಿಯಬೇಕು. ವಿಂಡೋಸ್ 7ಕ್ಕೆ ಇಂಥ ಕ್ರಿಯೆಗಳನ್ನು ತುಂಬಿಕೊಡುವ ವಿಎಕ್ಸ್‌ಕೆಕ್ಸ್ ಎಂಬ ಉಪಕರಣ ಇದೆ. ಕೆಲವು ಆಪ್‌ಗಳನ್ನು ಅದು ಓಡಿಸುತ್ತದೆ, ಆದರೆ ಆಪ್‌ನ ಪ್ರತಿ ಅಪ್‌ಡೇಟ್ ಆದಾಗಲೂ ಮತ್ತೆ ಪರೀಕ್ಷಿಸಬೇಕು.

‘ಮಾನ್ಯ ವಿನ್32 ಅಪ್ಲಿಕೇಶನ್ ಅಲ್ಲ’ ಎಂದರೆ ಸಾಮಾನ್ಯವಾಗಿ 64 ಬಿಟ್ ಫೈಲನ್ನು 32 ಬಿಟ್ ಸಿಸ್ಟಮ್‌ನಲ್ಲಿ ತೆರೆದಿದ್ದೀರಿ. ಯಾವ ಸಂದೇಶವೂ ಇಲ್ಲದೆ ತೆರೆದ ತಕ್ಷಣ ಮುಚ್ಚಿಕೊಂಡರೆ ಪ್ರೊಸೆಸರ್ ಕಡೆಗೂ ನೋಡಿ. ಕ್ರೋಮ್ 89ರಿಂದ ಮುಂದಕ್ಕೆ ಎಸ್‌ಎಸ್‌ಇ3 ಎಂಬ ಆದೇಶಗಳ ಗುಂಪು ಇಲ್ಲದ ಪ್ರೊಸೆಸರ್‌ಗಳಲ್ಲಿ ಕ್ರೋಮ್ ಓಡುವುದಿಲ್ಲ.

ಆಪ್ ತೆರೆಯುತ್ತೆ, ಲಾಗಿನ್ ಆಗಲ್ಲ. ಪಾಸ್‌ವರ್ಡ್ ಸರಿ ಇದೆ, ಫೋನಿನಲ್ಲಿ ಅದೇ ನಡೀತಿದೆ.

ಪಾಸ್‌ವರ್ಡ್ ಸರ್ವರ್‌ಗೆ ತಲುಪುವ ಮುಂಚೆಯೇ ಸಂಪರ್ಕ ಮುರಿಯುತ್ತಿದೆ. ಈ ಕ್ರಮದಲ್ಲಿ ನೋಡುತ್ತಾ ಬನ್ನಿ.

ಮೊದಲು ಗಡಿಯಾರ. ಪರದೆಯ ಮೂಲೆಯಲ್ಲಿರುವ ದಿನಾಂಕದ ವರ್ಷವನ್ನೂ ಓದಿ. ಹಳೆಯ ಯಂತ್ರ ಪ್ರತಿ ಸಲ ಆನ್ ಮಾಡಿದಾಗ ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗಿ ಕೂತರೆ ಮದರ್‌ಬೋರ್ಡ್ ಮೇಲಿನ ಸೆಲ್ ಸತ್ತಿದೆ. ಡೆಸ್ಕ್‌ಟಾಪ್‌ಗಳಲ್ಲಿ ಬಹುಮಟ್ಟಿಗೆ ಅದು ಸಿಆರ್2032. ದಿನಾಂಕ ತಪ್ಪಿದ್ದರೆ ಎಲ್ಲ ಪ್ರಮಾಣಪತ್ರಗಳೂ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದೇ ಕಾಣುತ್ತವೆ.

ಎರಡನೆಯದು ಮೂಲ ಪ್ರಮಾಣಪತ್ರ. ತಾಣಗಳಿಗೆ ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅದರ ಜಾಗಕ್ಕೆ ಬಂದ ‘ಐಎಸ್‌ಆರ್‌ಜಿ ರೂಟ್ ಎಕ್ಸ್1’ ಹಳೆಯ ಸಿಸ್ಟಮ್‌ಗಳಲ್ಲಿ ಇರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ 7.1.1ಕ್ಕಿಂತ ಹಿಂದಿನವುಗಳಿಗೆ ಇದೇ ತೊಂದರೆ. ಕಂಪ್ಯೂಟರ್‌ನಲ್ಲಿ ಅದನ್ನು ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ವಂತ ತಾಣದಿಂದಲೇ ಪಡೆದು ವಿಶ್ವಾಸಾರ್ಹ ಮೂಲಗಳ ಪಟ್ಟಿಗೆ ಸೇರಿಸಬಹುದು. ಬೇರೆ ಯಾರೋ ಕಳಿಸಿದ ಮೂಲ ಪ್ರಮಾಣಪತ್ರವನ್ನು ಮಾತ್ರ ಎಂದಿಗೂ ಸೇರಿಸಬೇಡಿ. ಅದು ಕೈಯಲ್ಲಿದ್ದವರು ಯಾವ ತಾಣದ ವೇಷ ಬೇಕಾದರೂ ಹಾಕಬಹುದು.

ಮೂರನೆಯದು ಟಿಎಲ್‌ಎಸ್‌ನ, ಅಂದರೆ ಸಂಪರ್ಕವನ್ನು ಗೂಢಲಿಪಿಯಲ್ಲಿ ನಡೆಸುವ ವಿಧಾನದ, ಆವೃತ್ತಿ. ಇಂದಿನ ಸರ್ವರ್‌ಗಳು 1.2ಕ್ಕಿಂತ ಕೆಳಗೆ ಮಾತಾಡುವುದಿಲ್ಲ. ಎಕ್ಸ್‌ಪಿ ತಾನಾಗಿ 1.0 ದಾಟುವುದಿಲ್ಲ. ವಿಂಡೋಸ್ 7ಕ್ಕೆ 1.2 ಗೊತ್ತು, ಆದರೆ ಅದನ್ನು ಹಲವು ಆಪ್‌ಗಳಿಗೆ ತಾನಾಗಿ ಒದಗಿಸುವುದಿಲ್ಲ. ಕೆಬಿ 3140245 ಹಾಕಿ, ಅದರ ಜೊತೆ ಮೈಕ್ರೋಸಾಫ್ಟ್ ಹೇಳಿದ ರಿಜಿಸ್ಟ್ರಿ ಬದಲಾವಣೆಯನ್ನೂ ಮಾಡಿ, ರೀಸ್ಟಾರ್ಟ್ ಕೊಡಿ. ಅಪ್‌ಡೇಟ್ ಮಾತ್ರ ಹಾಕಿ ರಿಜಿಸ್ಟ್ರಿ ಮರೆಯುವವರೇ ಹೆಚ್ಚು.

ಇವುಗಳನ್ನು ಒಂದೇ ಏಟಿಗೆ ಬೇರ್ಪಡಿಸುವ ಉಪಾಯ: ಅದೇ ಸೇವೆಯ ಪುಟವನ್ನು ಫೈರ್‌ಫಾಕ್ಸ್‌ನಲ್ಲಿ ತೆರೆಯಿರಿ. ಫೈರ್‌ಫಾಕ್ಸ್ ತನ್ನದೇ ಟಿಎಲ್‌ಎಸ್, ತನ್ನದೇ ಪ್ರಮಾಣಪತ್ರ ಪಟ್ಟಿ ಹೊತ್ತು ತಿರುಗುತ್ತದೆ. ಅಲ್ಲಿ ಲಾಗಿನ್ ಆಗಿ ಆಪ್‌ನಲ್ಲಿ ಆಗದಿದ್ದರೆ ತಪ್ಪು ಸಿಸ್ಟಮ್‌ನ ಟಿಎಲ್‌ಎಸ್ ಅಥವಾ ಪ್ರಮಾಣಪತ್ರದ್ದು. ಎರಡೂ ಕಡೆ ಆಗದಿದ್ದರೆ ಗಡಿಯಾರ ಅಥವಾ ನೆಟ್‌ವರ್ಕ್.

ಹಳೆಯ ಆವೃತ್ತಿ ಎಲ್ಲಿಂದ ತರೋದು? ತಂದ ಮೇಲೆ ಅದು ಅಪ್‌ಡೇಟ್ ಆಗದ ಹಾಗೆ ಹೇಗೆ ಹಿಡಿಯೋದು?

ತಯಾರಕರ ಸ್ವಂತ ಸಂಗ್ರಹದಲ್ಲಿ ಮೊದಲು ಹುಡುಕಿ. ಮುಕ್ತ ತಂತ್ರಾಂಶಗಳು ತಮ್ಮ ಹಳೆಯ ಬಿಡುಗಡೆಗಳನ್ನೆಲ್ಲ ಇಟ್ಟಿರುತ್ತವೆ. ಫೈಲ್ ಸಿಕ್ಕ ಮೇಲೆ ಅದರ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ ಪುಟ ನೋಡಿ. ತಯಾರಕರ ಹೆಸರು ಇಲ್ಲದಿದ್ದರೆ ಅಥವಾ ಸಹಿ ಕೆಟ್ಟಿದೆ ಎಂದರೆ ಅಳಿಸಿಬಿಡಿ. ಒಂದು ಎಚ್ಚರಿಕೆ: ವಿಂಡೋಸ್ 7ಕ್ಕೆ ಕೆಬಿ 4490628 ಮತ್ತು ಕೆಬಿ 4474419 ಹಾಕಿರದಿದ್ದರೆ ಹೊಸ ಬಗೆಯ ಎಸ್‌ಎಚ್‌ಎ-2 ಸಹಿಯನ್ನು ಅದು ಸರಿಯಾಗಿ ಓದಲಾರದು, ಒಳ್ಳೆಯ ಫೈಲ್ ಕೂಡ ಕೆಟ್ಟದ್ದಾಗಿ ಕಾಣಬಹುದು. ತಯಾರಕರು ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಪ್ರಕಟಿಸಿದ್ದರೆ ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಆದೇಶದಿಂದ ಹೋಲಿಸಿ ನೋಡಿ.

ಅಪ್‌ಡೇಟ್ ತಡೆಯಲು ಆಪ್‌ನ ಸೆಟ್ಟಿಂಗ್‌ನಲ್ಲೇ ಸ್ವಯಂ ಅಪ್‌ಡೇಟ್ ಆಯ್ಕೆ ತೆಗೆಯಿರಿ. ಅದು ಇಲ್ಲದಿದ್ದರೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಆ ಆಪ್ ಹೆಸರಿನ ಕೆಲಸವನ್ನು ಡಿಸೇಬಲ್ ಮಾಡಿ. ನಡೆಯುತ್ತಿರುವ ಸೆಟಪ್ ಫೈಲಿನ ಒಂದು ಪ್ರತಿಯನ್ನು ಬೇರೆ ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಇದರಿಂದ ಸಿಗುವುದು ಸ್ವಲ್ಪ ಕಾಲಾವಕಾಶ ಮಾತ್ರ. ಸರ್ವರ್ ಕನಿಷ್ಠ ಆವೃತ್ತಿ ಏರಿಸಿದ ದಿನ ಇದೂ ಮುಗಿಯುತ್ತದೆ.

‘ನಿಮ್ಮ ಬ್ರೌಸರ್‌ಗೆ ಬೆಂಬಲವಿಲ್ಲ’ ಅಂತ ಪುಟ ತಡೆಯುತ್ತೆ. ಹೊಸ ಬ್ರೌಸರ್ ಅಂತ ಸುಳ್ಳು ಹೇಳಿಸಬಹುದಾ?

ಹೇಳಿಸಬಹುದು. ಬ್ರೌಸರ್ ತನ್ನ ಪರಿಚಯಕ್ಕೆ ಕಳಿಸುವ ಸಾಲನ್ನು, ಅಂದರೆ ಯೂಸರ್ ಏಜೆಂಟ್ ಅನ್ನು, ಆಡ್‌-ಆನ್‌ನಿಂದ ಬದಲಿಸಬಹುದು. ಪುಟವು ಕೇವಲ ಸಿಸ್ಟಮ್ ಹೆಸರು ನೋಡಿ ತಡೆಯುತ್ತಿದ್ದರೆ ಇದು ಕೆಲಸಕ್ಕೆ ಬರುತ್ತದೆ. ಹೊಸ ಫೈರ್‌ಫಾಕ್ಸ್ ಇದ್ದೂ ಬಿಎಸ್‌ಡಿ ಎಂಬ ಹೆಸರಿಗೆ ಬಾಗಿಲು ಮುಚ್ಚಿದಾಗ ‘ಲಿನಕ್ಸ್’ ಎಂದು ಹೇಳಿಸಿದರೆ ಸಾಕಾಗುತ್ತದೆ. ಬ್ರೌಸರ್ ನಿಜಕ್ಕೂ ಹಳೆಯದಾಗಿದ್ದರೆ ಬಾಗಿಲು ದಾಟುತ್ತೀರಿ ಅಷ್ಟೇ, ಒಳಗೆ ಕರೆ ‘ಸಂಪರ್ಕಿಸಲಾಗುತ್ತಿದೆ’ ಎಂಬಲ್ಲೇ ಸುತ್ತುತ್ತಿರುತ್ತದೆ.

ಲಿನಕ್ಸ್‌ನಲ್ಲಿ ‘ಜಿಲಿಬ್‌ಸಿ 2.ಇಷ್ಟು ಸಿಗಲಿಲ್ಲ’ ಅಂತ ಬರುತ್ತೆ. ಜಿಲಿಬ್‌ಸಿ ಒಂದನ್ನೇ ಏರಿಸಲಾ?

ಖಂಡಿತ ಬೇಡ. ಅದು ಲಿನಕ್ಸ್‌ನ ಮೂಲ ಲೈಬ್ರರಿ. ಇಡೀ ಸಿಸ್ಟಮ್ ಅದರ ಮೇಲೆ ನಿಂತಿದೆ, ಅದು ಕೆಟ್ಟರೆ ಫೈಲ್ ಪಟ್ಟಿ ತೋರಿಸುವ ಆದೇಶವೂ ಓಡುವುದಿಲ್ಲ. ಉಬುಂಟು 18.04ರಲ್ಲಿ ಜಿಲಿಬ್‌ಸಿ 2.27, 20.04ರಲ್ಲಿ 2.31, 22.04ರಲ್ಲಿ 2.35 ಇದೆ. 2.31 ಬೇಡುವ ಆಪ್ 18.04ರಲ್ಲಿ ಓಡುವುದಿಲ್ಲ.

ಸರಿಯಾದ ದಾರಿ ಫ್ಲಾಟ್‌ಪ್ಯಾಕ್ ಎಂಬ ರೂಪದಲ್ಲಿ ಸಿಗುವ ಆಪ್. ಅದು ತನಗೆ ಬೇಕಾದ ಜಿಲಿಬ್‌ಸಿಯನ್ನು ತನ್ನ ರನ್‌ಟೈಮ್ ಒಳಗೇ ತರುತ್ತದೆ. ಒಂದೇ ಫೈಲಾಗಿ ಸಿಗುವ ಆಪ್‌ಇಮೇಜ್ ರೂಪ ಹಾಗಲ್ಲ. ಉಳಿದ ಲೈಬ್ರರಿಗಳನ್ನು ತಂದರೂ ಜಿಲಿಬ್‌ಸಿಗೆ ಸಾಮಾನ್ಯವಾಗಿ ನಿಮ್ಮ ಸಿಸ್ಟಮ್‌ನದ್ದನ್ನೇ ನೆಚ್ಚುತ್ತದೆ. ಆಪ್‌ಇಮೇಜ್ ಇಳಿಸಿಯೂ ಅದೇ ಸಂದೇಶ ಬಂದಿತೆಂದು ದಿಗಿಲಾಗುವುದು ಬೇಡ.

## ಧ್ವನಿ, ಚಿತ್ರ

ಅವರ ಮಾತು ನನಗೆ ಕೇಳುತ್ತೆ, ನನ್ನ ಮಾತು ಅವರಿಗೆ ಕೇಳಲ್ಲ.

ಮೈಕ್ ಸಿಸ್ಟಮ್‌ಗೇ ಸಿಗುತ್ತಿಲ್ಲವೋ, ಆಪ್‌ಗೆ ಸಿಗುತ್ತಿಲ್ಲವೋ, ಧ್ವನಿ ದಾರಿಯಲ್ಲಿ ಸಾಯುತ್ತಿದೆಯೋ ಎಂದು ಬಿಡಿಸಿಕೊಳ್ಳಿ. ಕರೆ ಮುಚ್ಚಿ, ಸಿಸ್ಟಮ್‌ನ ಸೌಂಡ್ ರೆಕಾರ್ಡರ್‌ನಲ್ಲಿ ಐದು ಸೆಕೆಂಡ್ ಮಾತಾಡಿ ಕೇಳಿಸಿಕೊಳ್ಳಿ. ಅಲ್ಲೇ ಇಲ್ಲವೆಂದರೆ ಡ್ರೈವರ್, ತಂತಿ ಅಥವಾ ಮ್ಯೂಟ್ ಗುಂಡಿ.

ಅಲ್ಲಿ ಕೇಳಿಸಿದರೆ ಆಪ್ ಬೇರೆ ಮೈಕ್ ಹಿಡಿದಿದೆಯೇ ನೋಡಿ. ವಿಂಡೋಸ್‌ನಲ್ಲಿ ಮೈಕಿನ ಪ್ರಾಪರ್ಟೀಸ್, ಅಡ್ವಾನ್ಸ್‌ಡ್ ಪುಟದಲ್ಲಿ ಎಕ್ಸ್‌ಕ್ಲೂಸಿವ್ ಮೋಡ್‌ನ ಎರಡೂ ಗುರುತು ತೆಗೆಯಿರಿ, ಇನ್ನೊಂದು ಪ್ರೋಗ್ರಾಂ ಮೈಕ್ ಕಿತ್ತುಕೊಂಡು ಕೂತಿರಬಹುದು. ಮ್ಯಾಕ್ 10.14ರಿಂದ ಮೈಕ್, ಕ್ಯಾಮೆರಾಗೆ ಸಿಸ್ಟಮ್‌ನ ಅನುಮತಿ ಬೇಕು. ಅದಕ್ಕೂ ಹಿಂದೆ ಕಟ್ಟಿದ ಆಪ್‌ಗಳು ಇಲ್ಲಿ ಎಡವಬಹುದು.

ಇಲ್ಲಿಯವರೆಗೂ ಸರಿ ಇದ್ದರೆ ಪ್ಯಾಕೆಟ್ ಎಣಿಸಿ. ಕರೆ ನಡೆಯುವಾಗಲೇ ಫೈರ್‌ಫಾಕ್ಸ್‌ನಲ್ಲಿ ಹೊಸ ಟ್ಯಾಬ್ ತೆರೆದು ‘ಅಬೌಟ್:ವೆಬ್‌ಆರ್‌ಟಿಸಿ’ ಎಂಬ ಒಳಪುಟಕ್ಕೆ ಹೋಗಿ. ಕಳಿಸಿದ ಪ್ಯಾಕೆಟ್‌ಗಳ ಸಂಖ್ಯೆ ಸೆಕೆಂಡಿಗೆ ಸುಮಾರು ಐವತ್ತರಂತೆ ಏರುತ್ತಿದ್ದರೆ ನಿಮ್ಮ ಕಡೆ ಎಲ್ಲ ಸರಿ ಇದೆ, ತೊಂದರೆ ನೆಟ್‌ವರ್ಕ್‌ನಲ್ಲಿ ಅಥವಾ ಅವರ ಕಡೆ.

ಹಳೆಯ ಸಿಸ್ಟಮ್‌ಗೆ ಯಾವ ಹೆಡ್‌ಸೆಟ್ ಕೊಳ್ಳಲಿ? ಬ್ಲೂಟೂತ್ ಆಗುತ್ತಾ?

ತಂತಿಯ ಯುಎಸ್‌ಬಿ ಹೆಡ್‌ಸೆಟ್, ಅದರಲ್ಲೂ ಯುಎಸ್‌ಬಿ ಆಡಿಯೊ ಕ್ಲಾಸ್ 1 ಎಂದಿರುವುದು. ಎಕ್ಸ್‌ಪಿಯಿಂದ ಬಿಎಸ್‌ಡಿವರೆಗೆ ಡ್ರೈವರ್ ಇಲ್ಲದೆ ನಡೆಯುತ್ತದೆ. ಕ್ಲಾಸ್ 2 ಸಾಧನಗಳಿಗೆ ವಿಂಡೋಸ್ ತನ್ನದೇ ಡ್ರೈವರ್ ಕೊಟ್ಟದ್ದು ವಿಂಡೋಸ್ 10ರ 1703 ಆವೃತ್ತಿಯಲ್ಲಿ. ಕ್ಯಾಮೆರಾಗೆ ಪೆಟ್ಟಿಗೆಯ ಮೇಲೆ ಯುವಿಸಿ (ಬೇರೆ ಡ್ರೈವರ್ ಬೇಡದ ಯುಎಸ್‌ಬಿ ಕ್ಯಾಮೆರಾ) ಎಂಬ ಗುರುತು ಹುಡುಕಿ.

ಬ್ಲೂಟೂತ್ ಬೇಡ. ಹಾಡು ಕೇಳುವಾಗ ಚೆನ್ನಾಗಿದ್ದ ಹೆಡ್‌ಸೆಟ್ ಮೈಕ್ ತೆರೆದ ಕೂಡಲೇ ಹಳೆಯ ಟೆಲಿಫೋನಿನಂತೆ ಕೇಳಿಸುತ್ತದೆ. ಮೈಕ್ ಬೇಕಾದಾಗ ಅದು ಬೇರೆ ಪ್ರೊಫೈಲ್‌ಗೆ ಇಳಿದು, ಹಳೆಯ ಸಿಸ್ಟಮ್‌ಗಳಲ್ಲಿ 8 ಕಿಲೊಹರ್ಟ್ಜ್ ಧ್ವನಿ ಕೊಡುತ್ತದೆ. ಆಪ್‌ನದಾಗಲಿ ನೆಟ್‌ನದಾಗಲಿ ತಪ್ಪಲ್ಲ.

ಧ್ವನಿ ಒಡೆದು ರೋಬೋ ಥರ ಬರುತ್ತೆ, ಜೊತೆಗೆ ಪ್ರತಿಧ್ವನಿ.

ಮೈಕ್ ಮತ್ತು ಸ್ಪೀಕರ್ ಎರಡನ್ನೂ 48,000 ಹರ್ಟ್ಜ್‌ಗೆ ಇಡಿ. ವೆಬ್‌ಆರ್‌ಟಿಸಿಯ ಓಪಸ್ ಕೋಡೆಕ್ (ಧ್ವನಿಯನ್ನು ಕುಗ್ಗಿಸಿ ಕಳಿಸುವ ವಿಧಾನ) 48 ಕಿಲೊಹರ್ಟ್ಜ್ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಒಂದು 44,100, ಇನ್ನೊಂದು 48,000 ಇದ್ದರೆ ಹಳೆಯ ಡ್ರೈವರ್‌ಗಳಲ್ಲಿ ಎರಡರ ತಾಳ ನಿಧಾನವಾಗಿ ತಪ್ಪಿ, ಪ್ರತಿಧ್ವನಿ ಅಳಿಸುವ ಲೆಕ್ಕವೂ ತಪ್ಪುತ್ತದೆ. ಸೌಂಡ್ ಕಾರ್ಡಿನ ‘ಎನ್‌ಹ್ಯಾನ್ಸ್‌ಮೆಂಟ್’ಗಳನ್ನೆಲ್ಲ ಆಫ್ ಮಾಡಿ. ಒಂದೇ ಪ್ರತಿಧ್ವನಿಯನ್ನು ಕಾರ್ಡೂ ಆಪ್‌ ಕೂಡ ಅಳಿಸಹೊರಟರೆ ಮಾತಿನ ತುದಿಗಳು ಕತ್ತರಿಸಿ ಬೀಳುತ್ತವೆ.

ವಿಡಿಯೊ ಹಾಕಿದ ತಕ್ಷಣ ಯಂತ್ರ ಬಿಸಿಯಾಗಿ ಎಲ್ಲ ನಿಂತೇಹೋಗುತ್ತೆ.

ವಿಡಿಯೊ ಕಳಿಸುವುದು ನೋಡುವುದಕ್ಕಿಂತ ಭಾರದ ಕೆಲಸ. ಹಳೆಯ ಎರಡು ಕೋರ್ ಯಂತ್ರದಲ್ಲಿ ಅದನ್ನೆಲ್ಲ ಪ್ರೊಸೆಸರೇ ಮಾಡಬೇಕು. ಎಚ್‌ಡಿ ಆಫ್ ಮಾಡಿ 360ಪಿಗೆ ಇಳಿಸಿ, ಹಿನ್ನೆಲೆ ಮಸುಕು ತೆಗೆಯಿರಿ, ಎಲ್ಲರ ಮುಖದ ಚೌಕದ ಬದಲು ಮಾತಾಡುವವರೊಬ್ಬರೇ ಕಾಣುವ ನೋಟ ಆರಿಸಿ. ಆಗಲೂ ತಡವರಿಸಿದರೆ ನಿಮ್ಮ ಕ್ಯಾಮೆರಾ ಮುಚ್ಚಿ. ಧ್ವನಿ ತಡೆಯಿಲ್ಲದೆ ಹೋಗುವುದೇ ಮುಖ್ಯ.

## ಮುಕ್ತ ದಾರಿ: ಎಸ್‌ಐಪಿ, ಮಂಬಲ್

ಕಂಪನಿ ಆಪ್‌ಗಳ ಸಹವಾಸವೇ ಬೇಡ. ಹಳೆಯ ಸಿಸ್ಟಮ್‌ನಲ್ಲಿ ಬಾಳಿಕೆ ಬರುವಂಥದ್ದು ಯಾವುದಿದೆ?

ಎಸ್‌ಐಪಿ, ಅಂದರೆ ಇಂಟರ್ನೆಟ್ ಕರೆ ಜೋಡಿಸುವ ಮುಕ್ತ ವಿಧಾನ. ಇದರ ಮುಖ್ಯ ಮಾನದಂಡ 2002ರ ಜೂನ್‌ನಲ್ಲಿ ಬಂದದ್ದು, ಇಂದಿಗೂ ಅದೇ ನಡೆಯುತ್ತಿದೆ. ಎರಡೂ ತುದಿಯಲ್ಲಿ ಒಂದೇ ಕಂಪನಿಯ ಆಪ್ ಇರಬೇಕಾಗಿಲ್ಲ. ವಿಂಡೋಸ್‌ಗೆ ಮೈಕ್ರೊಎಸ್‌ಐಪಿ, ಎಲ್ಲ ಕಡೆಗೂ ಲಿನ್‌ಫೋನ್, ಆದೇಶ ಸಾಲಿನಿಂದ ನಡೆಸುವವರಿಗೆ ಬೇರ್‌ಸಿಪ್ ಇವೆ. ತುಂಬಬೇಕಾದದ್ದು ನಾಲ್ಕೇ: ಬಳಕೆದಾರ ಹೆಸರು, ಡೊಮೈನ್, ಪಾಸ್‌ವರ್ಡ್, ಟ್ರಾನ್ಸ್‌ಪೋರ್ಟ್. ಸಾದಾ ಸಂಪರ್ಕಕ್ಕೆ ಪೋರ್ಟ್ 5060, ಟಿಎಲ್‌ಎಸ್‌ಗೆ 5061. ಕೋಡೆಕ್ ಪಟ್ಟಿಯಲ್ಲಿ ಓಪಸ್ ಮೇಲಿರಲಿ, ಜಿ.711 ಅದರ ಕೆಳಗೆ. ಜಿ.711 ಎಲ್ಲರಿಗೂ ಅರ್ಥವಾಗುವ ಭಾಷೆ, ಅದನ್ನು ತೆಗೆಯಬೇಡಿ.

ಹಳೆಯ ಸಿಸ್ಟಮ್‌ನಲ್ಲಿ ಕರೆ ಮಾಡಲೇಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆ ಇಲ್ಲ. ನಾಳೆ ಬೆಳಿಗ್ಗೆ ಯಾರೋ ಕನಿಷ್ಠ ಆವೃತ್ತಿ ಏರಿಸಿ ನಿಮ್ಮನ್ನು ಹೊರಗೆ ಹಾಕುವ ಭಯ ಇಲ್ಲಿ ಬಹಳ ಕಡಿಮೆ.

ಐದಾರು ಜನ ಒಟ್ಟಿಗೆ ಮಾತಾಡುವುದಾದರೆ ಮಂಬಲ್ ಎಂಬ ಮುಕ್ತ ಧ್ವನಿ ಆಪ್ ನೋಡಿ. ಸರ್ವರ್ ನಿಮ್ಮದೇ ಹಾಕಿಕೊಳ್ಳಬಹುದು, ಪೋರ್ಟ್ 64738ನ್ನು ಟಿಸಿಪಿ, ಯುಡಿಪಿ ಎಂಬ ಎರಡೂ ಪ್ಯಾಕೆಟ್ ಸಾಗಣೆ ವಿಧಾನಗಳಿಗೆ ತೆರೆದರೆ ಸಾಕು. 1.3 ಸರಣಿಯ ಆಪ್ ವಿಂಡೋಸ್ 7ರಲ್ಲಿ ನಡೆಯುತ್ತದೆ. ವಿಡಿಯೊ ಇಲ್ಲ.

ಎಸ್‌ಐಪಿ ಕರೆ ಸರಿಯಾಗಿ ಅರ್ಧ ನಿಮಿಷಕ್ಕೆ ಕಟ್ ಆಗುತ್ತೆ. ಪ್ರತಿ ಸಲವೂ ಅಷ್ಟೇ ಹೊತ್ತು.

ಆ ಅಷ್ಟೇ ಹೊತ್ತೇ ಸುಳಿವು. ಗಡಿಯಾರ ಇಟ್ಟು ನೋಡಿದರೆ ಅದು 32 ಸೆಕೆಂಡ್ ಇರುತ್ತದೆ. ಕರೆ ಎತ್ತಿದವರು ‘ಎತ್ತಿದೆ’ ಎಂಬ ಸಂದೇಶ ಕಳಿಸುತ್ತಾರೆ, ಕರೆ ಮಾಡಿದವರು ‘ತಿಳಿಯಿತು’ ಎಂದು ಮರುಸಂದೇಶ ಕಳಿಸಬೇಕು. ಆ ಮರುಸಂದೇಶ ಬಾರದಿದ್ದರೆ ಎತ್ತಿದ ಕಡೆಯವರು ಅರ್ಧ ಸೆಕೆಂಡಿನ 64 ಪಟ್ಟು ಕಾದು ಕರೆ ಕೈಬಿಡುತ್ತಾರೆ. ಅದುವೇ 32 ಸೆಕೆಂಡ್. ಅಂದರೆ ಮರುಸಂದೇಶ ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಬಹುಪಾಲು ಸಂದರ್ಭದಲ್ಲಿ ರೂಟರ್‌ನಲ್ಲಿರುವ ‘ಎಸ್‌ಐಪಿ ಎಎಲ್‌ಜಿ’ ಎಂಬ ಸೌಲಭ್ಯ ಸಂದೇಶದೊಳಗಿನ ವಿಳಾಸವನ್ನು ತಿದ್ದಿ ಕೆಡಿಸಿರುತ್ತದೆ. ಅದನ್ನು ಆಫ್ ಮಾಡಿ ರೂಟರ್ ರೀಸ್ಟಾರ್ಟ್ ಮಾಡಿ. ಆ ಆಯ್ಕೆಯೇ ಇಲ್ಲದ ರೂಟರ್ ಆದರೆ ಟ್ರಾನ್ಸ್‌ಪೋರ್ಟ್ ಅನ್ನು ಟಿಎಲ್‌ಎಸ್‌ಗೆ ಬದಲಿಸಿ. ಓದಲಾಗದ್ದನ್ನು ರೂಟರ್ ತಿದ್ದಲಾರದು.

ಒಂದೇ ಕಡೆ ಧ್ವನಿ ಬರುವುದಕ್ಕೂ ಇದೇ ಕಾರಣ ಇರಬಹುದು. ಎಎಲ್‌ಜಿ ತೆಗೆದ ಮೇಲೂ ಹಾಗೇ ಇದ್ದರೆ ಆಪ್‌ನಲ್ಲಿ ಸ್ಟನ್ ಸರ್ವರ್ (ನಿಮ್ಮ ರೂಟರ್‌ನ ಹೊರಗಿನ ವಿಳಾಸ ತಿಳಿಸುವಂಥದ್ದು) ವಿಳಾಸ ಕೊಡಿ, ಪೋರ್ಟ್ 3478. ಕರೆ 15 ಅಥವಾ 30 ನಿಮಿಷಕ್ಕೆ ಕಟ್ ಆಗುವುದು ಬೇರೆಯೇ ರೋಗ: ಅದು ಸೆಷನ್ ಟೈಮರ್, ರೂಢಿಯ ಅವಧಿ 1,800 ಸೆಕೆಂಡ್. ಅದರ ಅರ್ಧದಲ್ಲಿ ನವೀಕರಣದ ಸಂದೇಶ ಹೋಗಬೇಕು, ಹೋಗುತ್ತಿಲ್ಲ. ಕೆಲವು ಹಳೆಯ ಆಪ್‌ಗಳಲ್ಲಿ ಸೆಷನ್ ಟೈಮರ್ ಆಯ್ಕೆ ತೆಗೆದರೆ ನೆಟ್ಟಗಾಗುತ್ತದೆ.

ಕರೆ ಮಾಡಿದರೆ ಹೋಗುತ್ತೆ, ನನಗೆ ಬರುವ ಕರೆ ಮಾತ್ರ ರಿಂಗ್ ಆಗಲ್ಲ.

ರೂಟರ್ ನಿಮ್ಮ ಸಂಪರ್ಕವನ್ನು ಮರೆತಿದೆ. ಸುಮ್ಮನಿರುವ ಯುಡಿಪಿ ದಾರಿಯನ್ನು ಹಲವು ರೂಟರ್‌ಗಳು 30 ಸೆಕೆಂಡಿಗೇ ಮುಚ್ಚುತ್ತವೆ. ಆಪ್‌ನಲ್ಲಿ ಕೀಪ್‌-ಅಲೈವ್ 15ರಿಂದ 20 ಸೆಕೆಂಡ್ ಇಡಿ. ಹಳೆಯ ಆಂಡ್ರಾಯ್ಡ್‌ನಲ್ಲಿ, ಗೂಗಲ್ ಪ್ಲೇ ಸೇವೆಗಳಿಲ್ಲದ ಫೋನ್‌ನಲ್ಲಿ ಕಾರಣ ಬೇರೆ. ಆಪ್ ಮುಚ್ಚಿದ್ದಾಗ ಅದನ್ನು ಎಬ್ಬಿಸುವ ಪುಶ್ ಸಂದೇಶವೇ ಬರುವುದಿಲ್ಲ. ಅಲ್ಲಿ ಆಪ್ ಹಿನ್ನೆಲೆಯಲ್ಲಿ ಸದಾ ಓಡುವಂತೆ ಬಿಟ್ಟು, ಬ್ಯಾಟರಿ ಉಳಿತಾಯದಿಂದ ಅದಕ್ಕೆ ವಿನಾಯಿತಿ ಕೊಡಬೇಕು.

ಒಂದು ಗಂಟೆ ಮಾತಾಡಿದರೆ ಎಷ್ಟು ಡೇಟಾ?

ಜಿ.711 ಸೆಕೆಂಡಿಗೆ 50 ಪ್ಯಾಕೆಟ್ ಕಳಿಸುತ್ತದೆ, ಪ್ರತಿಯೊಂದರಲ್ಲೂ 160 ಬೈಟ್ ಧ್ವನಿ, 40 ಬೈಟ್ ವಿಳಾಸದ ಹೊದಿಕೆ. ಒಂದು ದಿಕ್ಕಿಗೆ 80 ಕೆಬಿಪಿಎಸ್, ಎರಡೂ ದಿಕ್ಕು ಸೇರಿ ಗಂಟೆಗೆ 72 ಎಂಬಿ. ಓಪಸ್ ಅನ್ನು 24 ಕೆಬಿಪಿಎಸ್‌ಗೆ ಇಟ್ಟರೆ ಹೊದಿಕೆ ಸೇರಿ 40, ಗಂಟೆಗೆ 36 ಎಂಬಿ. ಧ್ವನಿಯೂ ಜಿ.711ಗಿಂತ ಚೆನ್ನಾಗಿರುತ್ತದೆ.

## ಕಷ್ಟದ ದಾರಿಗಳು

ಹಳೆಯ ವಿಂಡೋಸ್ ಒಳಗೆ ವರ್ಚುವಲ್ ಮೆಷಿನ್ ಹಾಕಿ, ಅದರಲ್ಲಿ ಹೊಸ ಲಿನಕ್ಸ್‌ನಿಂದ ಕರೆ ಮಾಡಿದರೆ?

ನಡೆಯುತ್ತದೆ, ಆದರೆ ಭದ್ರತೆ ಸಿಗುವುದಿಲ್ಲ. ಹೊರಗಿನ ಹಳೆಯ ಸಿಸ್ಟಮ್ ಕೆಟ್ಟರೆ ಒಳಗಿನ ಕೀಲಿಮಣೆ, ಮೈಕ್, ಪರದೆ ಎಲ್ಲ ಅದರ ಕೈಯಲ್ಲೇ ಇವೆ. ತಿರುಗುಮುರುಗು ಮಾಡಿ: ಹೊರಗೆ ಹೊಸ ಸಿಸ್ಟಮ್ ಹಾಕಿ ಅದರಲ್ಲಿ ಕರೆ ಮಾಡಿ, ಹಳೆಯ ಸಿಸ್ಟಮ್ ಬೇಡುವ ಪ್ರೋಗ್ರಾಂಗಳನ್ನು ಒಳಗಿನ ಮೆಷಿನ್‌ಗೆ ಸಾಗಿಸಿ.

ಒಳಗಿನಿಂದಲೇ ಕರೆ ಮಾಡಬೇಕೆಂದರೆ ಎರಡು ಕೋರ್, 3 ಜಿಬಿ ಮೆಮೊರಿಯಾದರೂ ಕೊಡಿ. ವರ್ಚುವಲ್‌ಬಾಕ್ಸ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ‘ಎನೇಬಲ್ ಆಡಿಯೊ ಇನ್‌ಪುಟ್’ ಮೊದಲಿಂದಲೇ ಆಫ್ ಇರುತ್ತದೆ. ಗಂಟೆಗಟ್ಟಲೆ ಮೈಕ್ ಹುಡುಕುವವರು ತಪ್ಪಿಸಿಕೊಳ್ಳುವುದು ಇದೊಂದನ್ನೇ.

ವೈನ್ ಹಾಕಿ ವಿಂಡೋಸ್ ಕರೆ ಆಪ್ ಓಡಿಸಬಹುದಾ?

ವೈನ್ ಎಂದರೆ ಲಿನಕ್ಸ್‌ನಂಥ ಸಿಸ್ಟಮ್‌ನಲ್ಲಿ ವಿಂಡೋಸ್ ಪ್ರೋಗ್ರಾಂ ಓಡಿಸುವ ಉಪಕರಣ. ಮೈಕ್ರೊಎಸ್‌ಐಪಿಯಂಥ ಚಿಕ್ಕ ಧ್ವನಿ ಆಪ್ ಆದರೆ ಪ್ರಯತ್ನಿಸಬಹುದು. ದೊಡ್ಡ ವಿಡಿಯೊ ಆಪ್‌ಗಳಲ್ಲಿ ಕ್ಯಾಮೆರಾ, ಪರದೆ ಹಂಚಿಕೆ ಕೈಕೊಡುವುದೇ ಹೆಚ್ಚು. ವೈನ್‌ಗೆ ಹಾಕುವ ಶ್ರಮವನ್ನು ಅದೇ ಸೇವೆಯ ಬ್ರೌಸರ್ ರೂಪಕ್ಕೆ ಹಾಕಿ. ಮೈಕ್ರೋಸಾಫ್ಟ್ ಟೀಮ್ಸ್ ಕೂಡ ತನ್ನ ಲಿನಕ್ಸ್ ಆಪ್ ಅನ್ನು 2022ರ ಡಿಸೆಂಬರ್‌ನಲ್ಲಿ ನಿಲ್ಲಿಸಿ ಬ್ರೌಸರ್‌ಗೇ ಕಳಿಸಿತು. ವೇಲ್ಯಾಂಡ್ ಎಂಬ ಹೊಸ ಪರದೆ ವ್ಯವಸ್ಥೆ ಇರುವ ಲಿನಕ್ಸ್‌ನಲ್ಲಿ ಪರದೆ ಹಂಚಲು ಪೈಪ್‌ವೈರ್ ಮತ್ತು ಡೆಸ್ಕ್‌ಟಾಪ್ ಪೋರ್ಟಲ್ ಎರಡೂ ಓಡುತ್ತಿರಬೇಕು. ಕಪ್ಪು ಚೌಕ ಕಾಣಿಸಿದರೆ ಇವೆರಡರಲ್ಲಿ ಒಂದು ಇಲ್ಲ.

ಫ್ರೀಬಿಎಸ್‌ಡಿಯಲ್ಲಿ ಕ್ಯಾಮೆರಾ ಕಾಣಿಸ್ತಾನೇ ಇಲ್ಲ, ಧ್ವನಿ ಬೇರೆ ಜ್ಯಾಕ್‌ಗೆ ಹೋಗುತ್ತೆ.

ಕ್ಯಾಮೆರಾಗೆ ವೆಬ್‌ಕ್ಯಾಮ್‌ಡಿ ಪ್ಯಾಕೇಜ್ ಹಾಕಿ, ಕ್ಯೂಸ್ ಎಂಬ ಕರ್ನೆಲ್ ಮಾಡ್ಯೂಲ್ ಬೂಟ್ ಆಗುವಾಗಲೇ ಲೋಡ್ ಆಗುವಂತೆ ಮಾಡಿ, ನಿಮ್ಮ ಖಾತೆಯನ್ನು ವೆಬ್‌ಕ್ಯಾಮ್‌ಡಿ ಗುಂಪಿಗೆ ಸೇರಿಸಿ. ಗುಂಪಿಗೆ ಸೇರಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಬರಬೇಕು. ಧ್ವನಿಗೆ ‘ಹೆಚ್‌ಡಬ್ಲ್ಯೂ.ಎಸ್‌ಎನ್‌ಡಿ.ಡಿಫಾಲ್ಟ್_ಯುನಿಟ್’ ಎಂಬ ಸಿಸ್‌ಕಂಟ್ರೋಲ್ ಮೌಲ್ಯವನ್ನು ಹೆಡ್‌ಸೆಟ್‌ನ ಸಂಖ್ಯೆಗೆ ಬದಲಿಸಿ, ಆಮೇಲೆ ಬ್ರೌಸರ್ ಮುಚ್ಚಿ ತೆರೆಯಿರಿ. ತೆರೆದಿರುವ ಬ್ರೌಸರ್ ಹಳೆಯ ಸಾಧನವನ್ನೇ ಹಿಡಿದಿರುತ್ತದೆ.

ಹಳೆಯ ಸಿಸ್ಟಮ್ ತೆಗೆಯೋಕೆ ಆಗಲ್ಲ, ಕರೆ ಮಾತ್ರ ಹೊಸದರಲ್ಲಿ ಮಾಡಬೇಕು. ದಾರಿ ಇದೆಯಾ?

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. 8 ಜಿಬಿ ಡ್ರೈವ್‌ಗೆ ಎಕ್ಸ್‌ಎಫ್‌ಸಿಇ ಎಂಬ ಸರಳ ಡೆಸ್ಕ್‌ಟಾಪ್ ಇರುವ ಹಗುರ ಲಿನಕ್ಸ್‌ನ ಲೈವ್ ಇಮೇಜ್ ಬರೆದು, ಕರೆ ಸಮಯದಲ್ಲಿ ಅದರಿಂದ ಯಂತ್ರ ಆನ್ ಮಾಡಿದರೆ ಒಳಗಿನ ಹಾರ್ಡ್‌ಡಿಸ್ಕ್ ಮುಟ್ಟಬೇಕಾಗಿಲ್ಲ. ಮೆಮೊರಿ ಕನಿಷ್ಠ 2 ಜಿಬಿ, ವಿಡಿಯೊಗೆ 4 ಜಿಬಿ ಇದ್ದರೆ ನಿರಾಳ. ಬೂಟ್ ಪಟ್ಟಿಗೆ ಎಫ್12, ಎಫ್9 ಅಥವಾ ಎಸ್ಕೇಪ್, ಯಂತ್ರದಿಂದ ಯಂತ್ರಕ್ಕೆ ಬೇರೆ.

ಇಮೇಜ್ ಬರೆಯುವಾಗ ಸೆಟ್ಟಿಂಗ್ ಉಳಿಸಿಕೊಳ್ಳುವ ಪರ್ಸಿಸ್ಟೆನ್ಸ್ ಆಯ್ಕೆ ಹಾಕಿ, ಇಲ್ಲದಿದ್ದರೆ ವೈಫೈ ಪಾಸ್‌ವರ್ಡ್, ಲಾಗಿನ್ ಎಲ್ಲ ಪ್ರತಿ ಸಲ ಹೊಸದಾಗಿ ಕೊಡಬೇಕು. ಪ್ರೊಸೆಸರ್ 64 ಬಿಟ್ ಇರಲಿ: ಡೆಬಿಯನ್ 13 ಬಂದ ಮೇಲೆ 32 ಬಿಟ್‌ಗೆ ಇನ್‌ಸ್ಟಾಲರ್ ಇಲ್ಲ, ಫೈರ್‌ಫಾಕ್ಸ್ ಕೂಡ 145ರಿಂದ 32 ಬಿಟ್ ಲಿನಕ್ಸ್ ಕೈಬಿಟ್ಟಿದೆ. ಮೊದಲ ಕರೆಗೆ ಒಂದು ದಿನ ಮುಂಚೆಯೇ ಬೂಟ್ ಮಾಡಿ ವೈಫೈ, ಮೈಕ್, ಕ್ಯಾಮೆರಾ ಮೂರನ್ನೂ ನೋಡಿಕೊಳ್ಳಿ. ವೈಫೈ ಚಿಪ್‌ಗೆ ಫರ್ಮ್‌ವೇರ್ ಸಿಗದಿದ್ದರೆ ನೆಟ್‌ವರ್ಕ್ ತಂತಿ ಹಾಕಿ, ಅಥವಾ ಫೋನನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿ.

ಇಂಥ ಸೆಟಪ್‌ನಿಂದ ತುರ್ತು ಸಂಖ್ಯೆಗೆ ಕರೆ ಮಾಡಬಹುದಾ?

ಅದನ್ನು ನಂಬಿ ಕೂರಬೇಡಿ. ಹಲವು ಇಂಟರ್ನೆಟ್ ಕರೆ ಸೇವೆಗಳು ತುರ್ತು ಸಂಖ್ಯೆಗೆ ಜೋಡಿಸುವುದೇ ಇಲ್ಲ. ಜೋಡಿಸಿದರೂ ನೀವು ಎಲ್ಲಿದ್ದೀರಿ ಎಂಬುದು ಅತ್ತ ಕಡೆಗೆ ಸರಿಯಾಗಿ ತಿಳಿಯದೆ ಹೋಗಬಹುದು. ಕರೆಂಟ್ ಹೋದರೆ ರೂಟರ್ ಜೊತೆ ಇದೂ ಹೋಗುತ್ತದೆ. ಅದೇ ಕೋಣೆಯಲ್ಲಿ ಸಿಮ್ ಇರುವ ಸಾದಾ ಫೋನೊಂದನ್ನು ಚಾರ್ಜ್ ಮಾಡಿ ಇಟ್ಟಿರಿ.